ಮನೆಯ ಫೋಟೊಗಳನ್ನ ಊರಿನ ಪ್ರಕಾರ ಜೋಡಿಸೋದು: ಜಿಲ್ಲೆ, ತಾಲ್ಲೂಕು ಅಂತ ಫೋಲ್ಡರ್ ಮಾಡ್ಬೇಕಾ, ಬೇಡ್ವಾ?

ಮಲೆನಾಡುಗಿಡ್ಡ (ಸಾಗರ)

ಎಲ್ಲರಿಗೂ ನಮಸ್ಕಾರ. ಮನೆಯವರ ಫೋಟೊಗಳನ್ನೆಲ್ಲ ಒಂದೇ ಹಾರ್ಡ್ ಡಿಸ್ಕಿಗೆ ತಂದು ಜೋಡಿಸೋ ಕೆಲಸ ನನ್ನ ತಲೆ ಮೇಲೆ ಬಿದ್ದಿದೆ. ಅಣ್ಣ, ಅಕ್ಕ, ನಾನು ಮೂರೂ ಜನರ ಫೋನಿಂದು, ನನ್ನ ಹಳೇ ಡಿಎಸ್‌ಎಲ್‌ಆರ್‌ದು, ಅಪ್ಪನ ಆಲ್ಬಮ್ಮಿಂದ ಸ್ಕ್ಯಾನ್ ಮಾಡಿಸಿದ್ದು, ಅಜ್ಜನ ಕಾಲದ ಒಂದಷ್ಟು ಕಪ್ಪು-ಬಿಳುಪು, ಮತ್ತೆ ಎಲ್ಲಿಂದಲೋ ಬಂದು ಸೇರ್ಕೊಂಡಿರೋ ವಾಟ್ಸಾಪ್ ರಾಶಿ.

ತಾರೀಕಿನ ಪ್ರಕಾರ ಇಡು ಅಂತ ಎಲ್ಲರೂ ಹೇಳ್ತಾರೆ. ಆದ್ರೆ ನಮ್ಮನೇಲಿ ಯಾರೂ ತಾರೀಕು ಹೇಳಿ ಫೋಟೊ ಕೇಳಲ್ಲ. "ಗೋಕರ್ಣದ್ದು ತೋರ್ಸು", "ಅತ್ತೆ ಮನೆ ಅಂಗಳದಲ್ಲಿ ತೆಗೆದದ್ದಿತ್ತಲ್ಲ, ಅದು ಎಲ್ಲಿ?" ಅಂತಲೇ ಕೇಳೋದು. ಅದಕ್ಕೆ ಜಿಲ್ಲೆ, ಅದರೊಳಗೆ ತಾಲ್ಲೂಕು, ಅದರೊಳಗೆ ಊರು ಅಂತ ಫೋಲ್ಡರ್ ಮಾಡೋಣ ಅಂದ್ಕೊಂಡೆ. ಶುರು ಮಾಡಿದ ದಿನವೇ ಸಿಕ್ಕಾಕ್ಕೊಂಡೆ. ಜೋಗದ ಫೋಟೊ ಅರ್ಧ ನಮ್ಮ ಕಡೆಯಿಂದ ತೆಗೆದದ್ದು, ಇನ್ನರ್ಧ ಹೊಳೆಯಾಚೆ ಸಿದ್ದಾಪುರದ ಕಡೆಯಿಂದ ತೆಗೆದದ್ದು. ಎರಡು ಜಿಲ್ಲೆಗೆ ಹಂಚ್ಬೇಕಾ? ಸಿಗಂದೂರಿಗೆ ಹೋಗ್ತಾ ಲಾಂಚಲ್ಲಿ ತೆಗೆದವು ಯಾವ ಊರಿಗೆ ಸೇರ್ತವೆ? ಅಜ್ಜನ ಫೋಟೊದಲ್ಲಿರೋ ಊರು 1964ರಲ್ಲಿ ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿ ಹೋಗಿದೆ, ಅದನ್ನ ಎಲ್ಲಿ ಇಡ್ಲಿ?

ಮಾಡಿದವರು ಯಾರಾದ್ರೂ ಇದ್ರೆ ಹೇಳಿ.

ಹುಬ್ಬಳ್ಳಿಮಿರ್ಚಿ (ಹುಬ್ಬಳ್ಳಿ)

ಜಿಲ್ಲಾ, ತಾಲ್ಲೂಕ ಅಂತ ಫೋಲ್ಡರ್ ಮಾಡಾಕ ಹೋಗಬ್ಯಾಡ್ರಿ. ಹಂಪಿಗೆ ನಾವು ಸಣ್ಣವರಿದ್ದಾಗ ಹೋದ್ವಿ, ಆವಾಗ ಅದು ಬಳ್ಳಾರಿ ಜಿಲ್ಲಾ. 2021ರಾಗ ವಿಜಯನಗರ ಜಿಲ್ಲಾ ಆತು. ಗದಗ, ಹಾವೇರಿ ಎರಡೂ 1997ರ ತನಕ ನಮ್ಮ ಧಾರವಾಡ ಜಿಲ್ಲಾದಾಗ ಇದ್ವು. ಬಾಗಲಕೋಟಿ ವಿಜಾಪುರದಾಗ ಇತ್ತು. ಈಗ ನಮ್ಮ ಕಾಕಾನ ಮದುವಿ ಫೋಟೊ, 1992ರಾಗ ಗದಗಿನಾಗ ಆದದ್ದು, ಯಾವ ಜಿಲ್ಲಾದಾಗ ಇಡಬೇಕ್ರಿ? ಧಾರವಾಡದಾಗ ಇಟ್ರ ಹುಡುಗ್ರಿಗೆ ಸಿಗಂಗಿಲ್ಲ, ಗದಗಿನಾಗ ಇಟ್ರ ನಮ್ಮ ಅಪ್ಪಾಜಿ ಜಗಳಾ ತಗೀತಾರ.

ಇದರ ಮ್ಯಾಲೆ ಹೆಸರಿನ ಗದ್ದಲ ಬ್ಯಾರೆ. 2014ರ ನವೆಂಬರ್ 1ಕ್ಕ ಹನ್ನೆರಡು ಊರಿನ ಹೆಸರು ಬದಲಾದ್ವಲ್ಲ, ಆವಾಗಿಂದ ಫೋನು ಒಮ್ಮೆ ಬೆಳಗಾಂ ಅಂತೈತಿ, ಒಮ್ಮೆ ಬೆಳಗಾವಿ ಅಂತೈತಿ. ಬಿಜಾಪುರ, ವಿಜಯಪುರ ಎರಡೂ ಅದಾವು. ಅದರಾಗ ಆಂಧ್ರದ ವಿಜಯವಾಡಾನೂ ಬಂದು ಕುಂದರತೈತಿ.

ಬಂಗುಡೆಪುಳಿಮುಂಚಿ (ಮಂಗಳೂರು)

ತಾಲ್ಲೂಕಿನ ಕಥೆ ನಮ್ಮಲ್ಲಿ ಇನ್ನೂ ಜೋರು ಮಾರಾಯ್ರೆ. ಸುಬ್ರಹ್ಮಣ್ಯ ಅಂದರೆ ಸುಳ್ಯ ತಾಲ್ಲೂಕು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಈಗ ಅದು ಕಡಬ ತಾಲ್ಲೂಕು. ಬೈಂದೂರು ಕುಂದಾಪುರದಿಂದ ಬೇರೆ ಆಯಿತು. ಮೂಡುಬಿದಿರೆ, ಬ್ರಹ್ಮಾವರ, ಕಾಪು, ಹೆಬ್ರಿ ಎಲ್ಲದಕ್ಕೂ ಈಗ ಸ್ವಂತ ತಹಶೀಲ್ದಾರ್ ಉಂಟು. ಸರಕಾರ ಗೆರೆ ಎಳೆದ ಹಾಗೆಲ್ಲ ನೀವು ಫೋಲ್ಡರ್ ಎಳೆದಾಡಲಿಕ್ಕೆ ಆಗ್ತದಾ?

ಊರಿನ ಹೆಸರು ಮಾತ್ರ ಇಡಿ, ಸಾಕು.

ಮಲೆನಾಡುಗಿಡ್ಡ

ಊರಿನ ಹೆಸರು ಮಾತ್ರ ಇಟ್ರೆ ಹೊಸಹಳ್ಳಿ ಎಷ್ಟಿದಾವೆ ಗೊತ್ತಾ? ಶಿವಮೊಗ್ಗದ ಮತ್ತೂರು ಪಕ್ಕದ್ದೊಂದು, ಬೆಂಗಳೂರಿನ ಮೆಟ್ರೊ ಸ್ಟೇಷನ್ ಒಂದು, ಉಳಿದದ್ದು ಲೆಕ್ಕಕ್ಕೇ ಇಲ್ಲ. ರಾಮಪುರ, ಹೊಸೂರು, ಬಸವಾಪುರ ಇವೂ ಹಾಗೇ.

ಡೇಟಾದಾಸಯ್ಯ (ಬೆಂಗಳೂರು)

ಇಲ್ಲಿ ಎರಡು ಬೇರೆ ಬೇರೆ ಕೆಲಸ ಒಟ್ಟಿಗೆ ಕಲಸಿ ಹೋಗಿದೆ. ಫೈಲು ಡಿಸ್ಕಲ್ಲಿ ಎಲ್ಲಿ ಕೂತಿರಬೇಕು ಅನ್ನೋದು ಒಂದು. ಬೇಕಾದಾಗ ಊರಿನ ಹೆಸರಲ್ಲಿ ಸಿಗಬೇಕು ಅನ್ನೋದು ಇನ್ನೊಂದು. ಒಂದು ಫೈಲು ಒಂದೇ ಫೋಲ್ಡರಲ್ಲಿ ಇರೋಕೆ ಸಾಧ್ಯ. ಆದರೆ ಒಂದು ಫೋಟೊಗೆ ಎಷ್ಟು ಊರಿನ ಟ್ಯಾಗ್ (ಹುಡುಕೋಕೆ ಅಂಟಿಸೋ ಹೆಸರಿನ ಚೀಟಿ) ಬೇಕಾದರೂ ಹಾಕಬಹುದು. ಹಾಗಾಗಿ ಫೋಲ್ಡರನ್ನ ವರ್ಷ-ತಿಂಗಳು ಅಂತ ಬೇಜಾರು ಬರೋ ಹಾಗೇ ಇಡಿ, "2016-05 ಗೋಕರ್ಣ" ಅನ್ನೋ ತರ. ಜಾಗದ ವಿವರವನ್ನ ಫೋಟೊ ಒಳಗೇ ಬರೆಯಿರಿ. ಆಮೇಲೆ ಯಾವ ಸಾಫ್ಟ್‌ವೇರಲ್ಲಿ ತೆರೆದರೂ ನಕ್ಷೆ ಮೇಲೆ ಬಂದು ಕೂರುತ್ತೆ.

ಫೋನ್ ಫೋಟೊ ತೆಗೆದಾಗ ಫೈಲಿನ ಒಳಗೇ ಇರೋ ಎಕ್ಸಿಫ್ ಅನ್ನೋ ಭಾಗದಲ್ಲಿ ಅಕ್ಷಾಂಶ ರೇಖಾಂಶ ಬರೆದುಕೊಳ್ಳುತ್ತೆ, ಲೊಕೇಶನ್ ಆನ್ ಇದ್ದರೆ ಮಾತ್ರ. ಅದರಲ್ಲಿ ಊರಿನ ಹೆಸರು ಇರಲ್ಲ, ಬರೀ ಡಿಗ್ರಿ, ಮಿನಿಟು, ಸೆಕೆಂಡು. ಬಳ್ಳಾರಿ ಹೋಗಿ ವಿಜಯನಗರ ಬಂದರೂ ಹಂಪಿಯ ಅಕ್ಷಾಂಶ ಬದಲಾಗಲ್ಲ. ದಶಮಾಂಶದಲ್ಲಿ ನೋಡಿದರೆ ಬಿಂದುವಿನ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್ ನಿಖರತೆ. ಮನೆ ಅಂಗಳ ಹುಡುಕೋಕೆ ಅಷ್ಟು ಧಾರಾಳ.

ಮೊದಲು ನಿಮ್ಮ ರಾಶಿನ ಒಡೆಯಿರಿ. ಫೋನಿನ ಮೂಲ ಫೋಟೊಗಳಲ್ಲಿ ಜಾಗ ಇರುತ್ತೆ, ಅವನ್ನ ಮುಟ್ಟಬೇಡಿ. ಡಿಎಸ್‌ಎಲ್‌ಆರ್‌ನಲ್ಲಿ ಜಾಗ ಇರಲ್ಲ, ಸಮಯ ಮಾತ್ರ ಇರುತ್ತೆ. ಅದೇ ಪ್ರವಾಸದಲ್ಲಿ ಅಣ್ಣನ ಫೋನಲ್ಲೂ ಫೋಟೊ ತೆಗೆದಿದ್ದರೆ ಸಮಯ ಹೊಂದಿಸಿ ಜಾಗ ನಕಲು ಮಾಡಬಹುದು. ಎಕ್ಸಿಫ್‌ಟೂಲ್ ಅಂತ ಉಚಿತ ಸಾಧನ ಇದೆ, ಕಪ್ಪು ಪರದೆಯಲ್ಲಿ ಟೈಪ್ ಮಾಡಿ ನಡೆಸಬೇಕು. ಫೋನಲ್ಲಿ ಓಎಸ್‌ಎಂಆ್ಯಂಡ್ ತರದ ನಕ್ಷೆ ಆ್ಯಪ್ ಹಾಕಿ ಜಿಪಿಎಕ್ಸ್ ದಾಖಲೆ (ಯಾವ ಹೊತ್ತಿಗೆ ದಾರಿಯಲ್ಲಿ ಎಲ್ಲಿದ್ದಿರಿ ಅನ್ನೋ ಫೈಲು) ಮಾಡಿಟ್ಟಿದ್ದರೆ, ಎಕ್ಸಿಫ್‌ಟೂಲ್‌ಗೆ ಆ ಫೈಲು ಮತ್ತು ಫೋಟೊ ಫೋಲ್ಡರ್ ಕೊಟ್ಟರೆ ಸಾಕು, ಪ್ರತಿ ಫೋಟೊದ ಸಮಯ ನೋಡಿ ಆ ಹೊತ್ತಿಗೆ ನೀವು ದಾರಿಯಲ್ಲಿ ಎಲ್ಲಿದ್ದಿರಿ ಅಂತ ತುಂಬುತ್ತೆ. ಎರಡು ಬಿಂದುಗಳ ನಡುವೆ ಬಂದರೆ ಲೆಕ್ಕ ಹಾಕಿ ಮಧ್ಯದ ಜಾಗ ಹಾಕುತ್ತೆ. ಟೈಪ್ ಮಾಡೋದು ಕಷ್ಟ ಅಂದರೆ ಡಿಜಿಕ್ಯಾಮ್ ಹಾಕಿಕೊಳ್ಳಿ, ಅದೂ ಉಚಿತ. ನಕ್ಷೆ ಪಕ್ಕದಲ್ಲೇ ಇರುತ್ತೆ, ಫೋಟೊಗಳನ್ನ ಆರಿಸಿ ನಕ್ಷೆ ಮೇಲೆ ಎಳೆದು ಬಿಟ್ಟರೆ ಆಯ್ತು.

ವಾಟ್ಸಾಪ್‌ದು ಬೇರೆ ಕಥೆ. ಅದು ಕಳಿಸುವಾಗಲೇ ಜಾಗದ ಮಾಹಿತಿ ತೆಗೆದುಹಾಕುತ್ತೆ. ಫೈಲ್ ಹೆಸರಲ್ಲಿರೋ ತಾರೀಕು ನಿಮ್ಮ ಫೋನಿಗೆ ಬಂದದ್ದು, ಫೋಟೊ ತೆಗೆದ ದಿನದ್ದೇ ಆಗಿರಬೇಕು ಅಂತಿಲ್ಲ. ಸಾಧ್ಯವಾದರೆ ಕಳಿಸಿದವರ ಹತ್ತಿರ ಮೂಲ ಫೈಲು ಕೇಳಿ. ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಬರುತ್ತೆ.

ಟೀಚರಮ್ಮ (ತೀರ್ಥಹಳ್ಳಿ)

ದಾಸಯ್ಯನವರೇ, ನೀವು ಹೇಳಿದ್ದರಲ್ಲಿ ಅರ್ಧ ನನಗೆ ಅರ್ಥ ಆಗಲಿಲ್ಲ, ಅಡ್ಡಿಯಿಲ್ಲ. ಆದರೆ ಫೋನು ಹೇಳೋ ಊರಿನ ಮೇಲೆ ನನಗೆ ನಂಬಿಕೆ ಇಲ್ಲ. ನಮ್ಮ ತೋಟದಲ್ಲಿ ತೆಗೆದ ಫೋಟೊಗೆ ಮಗನ ಕಂಪ್ಯೂಟರ್ ತೀರ್ಥಹಳ್ಳಿ ಅಂತ ಹಾಕುತ್ತೆ. ಪೇಟೆಗೂ ನಮ್ಮ ತೋಟಕ್ಕೂ ಎಷ್ಟು ದೂರ ಅಂತ ನಡೆದವರಿಗೆ ಗೊತ್ತು. ಕೆಲವಕ್ಕೆ ಕೊಪ್ಪ ಅಂತಲೂ ಬಂದಿದೆ. ನಮ್ಮ ಊರಿಗೆ ಹೆಸರೇ ಇಲ್ಲವೇ?

ಹಳೇ ಫೋಟೊಗಳ ವಿಷಯದಲ್ಲಿ ಒಂದು ಮಾತು. ಸ್ಕ್ಯಾನ್ ಮಾಡಿಸುವಾಗ ಹಿಂಬದಿಯನ್ನೂ ಮಾಡಿಸಿ. ಸ್ಟುಡಿಯೋದವರ ಮೊಹರು ಅಲ್ಲಿರುತ್ತೆ, ಊರು ಸಮೇತ. ಯಾರೋ ಪೆನ್ಸಿಲಲ್ಲಿ ಬರೆದ ಎರಡು ಸಾಲು ಇರುತ್ತೆ. ಆಲ್ಬಮ್ಮಿಂದ ಕಿತ್ತು ತೆಗೆಯೋ ಮೊದಲು ಆ ಪುಟದ್ದೇ ಒಂದು ಫೋಟೊ ತೆಗೆದುಕೊಳ್ಳಿ, ಅಕ್ಕಪಕ್ಕ ಯಾವುದು ಇತ್ತು ಅನ್ನೋದೇ ಎಷ್ಟೋ ಸಲ ಊರು ಹೇಳುತ್ತೆ. ನನ್ನ ಆಲ್ಬಮ್ಮುಗಳನ್ನ ನಾನು ಊರಿನ ಲೆಕ್ಕದಲ್ಲೇ ಕಟ್ಟಿದ್ದೇನೆ: ತವರು ಮನೆಯದ್ದು, ಗಂಡನ ಮನೆಯದ್ದು, ಶಾಲೆ ಪ್ರವಾಸದ್ದು. ಮೊಮ್ಮಕ್ಕಳು ಬಂದಾಗ ನೇರ ಕೈ ಹಾಕಿ ತೆಗೀತಾರೆ.

ಡೇಟಾದಾಸಯ್ಯ

ಟೀಚರಮ್ಮ, ನೀವು ಹೇಳಿದ ತೊಂದರೆ ನಿಜ, ಅದಕ್ಕೆ ಕಾರಣವೂ ಇದೆ. ಫೋಟೊದಲ್ಲಿ ಇರೋದು ಅಂಕಿ. ಅದನ್ನ ಊರಿನ ಹೆಸರಾಗಿ ತಿರುಗಿಸೋದು ಸಾಫ್ಟ್‌ವೇರು, ತನ್ನ ಹತ್ತಿರ ಇರೋ ಪಟ್ಟಿ ನೋಡಿ. ಮನೆಯಲ್ಲೇ ಸರ್ವರ್ ಇಟ್ಟುಕೊಂಡು ನಡೆಸೋ ಇಮ್ಮಿಚ್ ಅನ್ನೋ ಫೋಟೊ ಸಾಫ್ಟ್‌ವೇರ್ ಉದಾಹರಣೆಗೆ ತಗೊಳ್ಳಿ. ಅದು ಜಿಯೋನೇಮ್ಸ್ ಅನ್ನೋ ಪಟ್ಟಿ ಬಳಸುತ್ತೆ, 500 ಜನಕ್ಕಿಂತ ಹೆಚ್ಚಿರೋ ಜನವಸತಿಗಳದ್ದು. ಹಳ್ಳಿಯ ಜನಸಂಖ್ಯೆ ಆ ಪಟ್ಟಿಗೆ ಸೇರಿಲ್ಲದಿದ್ದರೆ ಆ ಹಳ್ಳಿಯೇ ಅದಕ್ಕೆ ಕಾಣಲ್ಲ, ಹತ್ತಿರದ ಪೇಟೆ ಹೆಸರು ಹಾಕಿಬಿಡುತ್ತೆ. ಮಲೆನಾಡಲ್ಲಿ ಒಂದೊಂದು ಮನೆ ಒಂದೊಂದು ಗುಡ್ಡದಲ್ಲಿ ಇರೋದರಿಂದ ಇದು ಜಾಸ್ತಿ.

ಜನರೇ ಸೇರಿ ಮಾಡೋ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ನಕ್ಷೆಯಲ್ಲಿ ಹಳ್ಳಿಗಳು ಚೆನ್ನಾಗಿವೆ, ಕನ್ನಡದ ಹೆಸರಿಗೆ ಪ್ರತ್ಯೇಕ ಜಾಗ ಇದೆ. ಅಂಕಿ ಕೊಟ್ಟರೆ ಊರಿನ ಹೆಸರು ಹೇಳೋ ಅದರ ನಾಮಿನೇಟಿಮ್ ಸೇವೆಗೆ ಕನ್ನಡದಲ್ಲಿ ಕೊಡು ಅಂದರೆ ಕನ್ನಡದಲ್ಲೇ ಕೊಡುತ್ತೆ, ಯಾರಾದರೂ ಬರೆದಿದ್ದರೆ. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಕೇಳಬಾರದು ಅಂತ ಅವರ ನಿಯಮ. ಸಾವಿರಾರು ಫೋಟೊ ಇದ್ದರೆ ರಾತ್ರಿ ಹಾಕಿ ಮಲಗಿ. ನಿಮ್ಮ ಊರಿಲ್ಲದಿದ್ದರೆ ನೀವೇ ಸೇರಿಸಬಹುದು, ಖಾತೆ ತೆರೆದರೆ ಆಯ್ತು.

ಟೀಚರಮ್ಮ

ಸೇರಿಸಬಹುದೇ! ಮಗನಿಗೆ ಹೇಳ್ತೇನೆ. ಆದರೂ "ಕೆಳಗಿನ ತೋಟ", "ದೇವರ ಕಾನು", "ಹಳೇ ಮನೆ ಅಡಿ" ಇವೆಲ್ಲ ಯಾವ ನಕ್ಷೆಯಲ್ಲೂ ಬರೋದಿಲ್ಲವಲ್ಲ. ಫೋಟೊ ಇರೋದು ಅಲ್ಲಿಯದ್ದೇ.

ಶಾಸನದಹುಳ (ಹಾಸನ)

ಟೀಚರಮ್ಮನವರ ಮಾತಿಗೆ ನನ್ನ ವೋಟು. ಜೋಗದ ಪ್ರಶ್ನೆಗೆ ಬರೋಣ, ಅಲ್ಲೊಂದು ಮುಖ್ಯ ವಿಷಯ ಇದೆ, ಯಾರೂ ಎತ್ತಿಲ್ಲ. ಜಿಪಿಎಸ್ ಹೇಳೋದು ಕ್ಯಾಮೆರಾ ಎಲ್ಲಿತ್ತು ಅಂತ. ಫೋಟೊದಲ್ಲಿ ಏನಿದೆ, ಅದು ಎಲ್ಲಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಸೀತಾಳಯ್ಯನಗಿರಿಯಲ್ಲಿ ನಿಂತು ಮುಳ್ಳಯ್ಯನಗಿರಿ ತೆಗೆದರೆ ಫೋಟೊದ ಜಾಗ ಸೀತಾಳಯ್ಯನಗಿರಿ.

ನನ್ನ ಹುಚ್ಚು ಶಾಸನ, ವೀರಗಲ್ಲು. ಹಲ್ಮಿಡಿ ಶಾಸನವನ್ನೇ ತಗೊಳ್ಳಿ. ಸಿಕ್ಕಿದ್ದು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ, ಮೂಲ ಕಲ್ಲು ಇರೋದು ಮೈಸೂರಲ್ಲಿ, ಊರಲ್ಲಿ ನಿಲ್ಲಿಸಿರೋದು ಪ್ರತಿಕೃತಿ. ಮೂಲ ಕಲ್ಲಿನ ಫೋಟೊಗೆ ಫೋನು ಮೈಸೂರು ಅನ್ನುತ್ತೆ. ಪ್ರತಿಕೃತಿಯ ಫೋಟೊಗೆ ಹಲ್ಮಿಡಿ ಅನ್ನುತ್ತೆ. ಎರಡೂ ಸರಿ, ಆದರೆ "ಹಲ್ಮಿಡಿ" ಅಂತ ಹುಡುಕಿದಾಗ ಮೂಲವೇ ಸಿಗದೆ ನಕಲು ಮಾತ್ರ ಸಿಕ್ಕರೆ ಏನು ಬಂತು?

ಇದಕ್ಕೆ ಮದ್ದು ಇದೆ. ಪತ್ರಿಕಾ ಛಾಯಾಗ್ರಾಹಕರು ಬಳಸೋ ಐಪಿಟಿಸಿ ಮಾನದಂಡದಲ್ಲಿ ಜಾಗಕ್ಕೆ ಎರಡು ಕಾಲಂ ಇದೆ. ತೆಗೆದ ಜಾಗ ಒಂದು, ಕಾಣೋ ಜಾಗ ಇನ್ನೊಂದು. ಕಾಣೋ ಜಾಗ ಒಂದಕ್ಕಿಂತ ಹೆಚ್ಚು ಬೇಕಾದರೂ ಹಾಕಬಹುದು. ಅಷ್ಟು ತಲೆನೋವು ಬೇಡ ಅಂದರೆ ಟ್ಯಾಗಲ್ಲೇ ಎರಡು ಗುಂಪು ಮಾಡಿಕೊಳ್ಳಿ: "ನಿಂತದ್ದು", "ಕಂಡದ್ದು". ಜೋಗದ ಎಲ್ಲ ಫೋಟೊಗೂ "ಕಂಡದ್ದು: ಜೋಗ". ಸಿದ್ದಾಪುರದ ಕಡೆಯಿಂದ ತೆಗೆದದ್ದಕ್ಕೆ ಮಾತ್ರ "ನಿಂತದ್ದು: ಬಾಂಬೆ ಬಂಗಲೆ". ಬ್ರಿಟಿಷರ ಕಾಲದಲ್ಲಿ ಶರಾವತಿ ಮೈಸೂರು ಸಂಸ್ಥಾನಕ್ಕೂ ಬಾಂಬೆ ಪ್ರಾಂತ್ಯಕ್ಕೂ ಗಡಿ ಆಗಿತ್ತಲ್ಲ, ಆಚೆದು ಬಾಂಬೆ ಬಂಗಲೆ, ಈಚೆದು ಮೈಸೂರು ಬಂಗಲೆ. ಎರಡು ಜಿಲ್ಲೆಯ ಜಗಳ ಇವತ್ತಿನದೇನಲ್ಲ.

ಇನ್ನು ಮಿರ್ಚಿ ಅವರ ತಾಲ್ಲೂಕು ವಿರೋಧಕ್ಕೆ ಒಂದು ತಕರಾರು. ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ' ಅನ್ನೋ ಶಾಸನ ಸಂಪುಟಗಳನ್ನ ಶುರು ಮಾಡಿದ್ದು 1886ರಲ್ಲಿ. ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಜಿಲ್ಲೆ, ತಾಲ್ಲೂಕು, ಕ್ರಮಸಂಖ್ಯೆ ಅಂತಲೇ ಜೋಡಿಸಿದರು. ಆಮೇಲೆ ತಾಲ್ಲೂಕಿನ ಗಡಿಗಳು ಎಷ್ಟೋ ಸಲ ಬದಲಾದವು. ಆದರೂ ಇವತ್ತಿಗೂ ವಿದ್ವಾಂಸರು "ಬೇಲೂರು ಇಷ್ಟನೇ ನಂಬರು" ಅಂತಲೇ ಹೇಳೋದು. ಯಾಕೆ ನಡೀತು? ಆ ತಾಲ್ಲೂಕು ಅನ್ನೋದು ಒಂದು ಗುರುತು, ಹಾಕಿದವರು ಹಾಕಿದ್ದನ್ನ ಹಾಗೇ ಬಿಟ್ಟರು. ಹಾಗಾಗಿ ತಾಲ್ಲೂಕು ಹಾಕೋದೇ ತಪ್ಪು ಅನ್ನೋಕಾಗಲ್ಲ. ಒಮ್ಮೆ ಹಾಕಿದ ಮೇಲೆ ಗೆಜೆಟ್ ನೋಡಿ ತಿದ್ದೋಕೆ ಹೋಗಬಾರದು, ಅಷ್ಟೇ.

ಹುಬ್ಬಳ್ಳಿಮಿರ್ಚಿ

ಇದು ಒಪ್ಪಿದೆ. ಹಂಗಂದ್ರ ಕಾಕಾನ ಮದುವಿ ಧಾರವಾಡ ಜಿಲ್ಲಾದಾಗ ಇರ್ಲಿ, ಅಪ್ಪಾಜಿ ಗೆದ್ರು. ಆದ್ರ ರೈಸ್ ಸಾಹೇಬ್ರು ಮಾಡಿದ್ದು ಪುಸ್ತಕಕ್ಕ, ಹಿಂದ ಸೂಚಿ ಇರ್ತಿತ್ತು. ನಮ್ಮ ಮನ್ಯಾಗ ಸೂಚಿ ಬರಿಯೋರು ಯಾರು?

ಕೊಡಗಿನವಳು (ಸ್ಯಾನ್ ಹೋಸೆ)

ಸಮಯ ಹೊಂದಿಸೋ ವಿಷಯ ಬಂತಲ್ಲ, ದಾಸಯ್ಯನವರಿಗೆ ಒಂದು ಪ್ರಶ್ನೆ. ನಾವು ಮಡಿಕೇರಿಗೆ ಬಂದಾಗಲೆಲ್ಲ ಕ್ಯಾಮೆರಾದ ಗಡಿಯಾರ ಕ್ಯಾಲಿಫೋರ್ನಿಯಾದ್ದೇ ಇರುತ್ತೆ, ಯಾರೂ ಬದಲಾಯಿಸಲ್ಲ. ಗಂಡನ ಫೋನು ಮಾತ್ರ ಇಳಿದ ತಕ್ಷಣ ಭಾರತದ ಸಮಯಕ್ಕೆ ಬರುತ್ತೆ. ತಲಕಾವೇರಿಯ ಬೆಳಗಿನ ಫೋಟೊಗಳೆಲ್ಲ ಹಿಂದಿನ ದಿನದ ಸಂಜೆ ಅಂತ ತೋರಿಸ್ತಿದೆ. ಭಾರತದ ಸಮಯಕ್ಕಿದ್ದ ಕಂಪ್ಯೂಟರಲ್ಲಿ ಜಿಪಿಎಕ್ಸ್ ಕೊಟ್ಟು ನೋಡಿದೆ, ಎಕ್ಸಿಫ್‌ಟೂಲ್ ಎಲ್ಲವನ್ನೂ ಹಿಂದಿನ ದಿನ ಇದ್ದ ಜಾಗಕ್ಕೆ, ಅಂದರೆ ಕುಶಾಲನಗರಕ್ಕೆ, ಹೊತ್ತು ಹಾಕಿತು.

ಡೇಟಾದಾಸಯ್ಯ

ನಿಮ್ಮಲ್ಲಿ ಬೇಸಿಗೆ ಸಮಯ (ಗಡಿಯಾರ ಒಂದು ಗಂಟೆ ಮುಂದಿಡೋದು) ನಡೀತಿದ್ದಾಗ ಬಂದಿದ್ದರೆ ವ್ಯತ್ಯಾಸ 12 ಗಂಟೆ 30 ನಿಮಿಷ. ಚಳಿಗಾಲದಲ್ಲಿ ಬಂದಿದ್ದರೆ 13 ಗಂಟೆ 30 ನಿಮಿಷ. ಪ್ರತಿ ಪ್ರವಾಸಕ್ಕೂ ಬೇರೆ ಬೇರೆ ಮಾಡಬೇಕು, ಒಟ್ಟಿಗೆ ಮಾಡಿದರೆ ಕೆಲವು ಒಂದು ಗಂಟೆ ತಪ್ಪುತ್ತವೆ. ಘಟ್ಟದ ರಸ್ತೆಯಲ್ಲಿ ಒಂದು ಗಂಟೆ ಅಂದರೆ ಇನ್ನೊಂದು ಊರು.

ಮೂಲ ಕಾರಣ ಇದು: ಎಕ್ಸಿಫ್‌ನಲ್ಲಿ ಫೋಟೊ ತೆಗೆದ ಸಮಯ ಬರೀ ಗಡಿಯಾರ ತೋರಿಸಿದಷ್ಟೇ ಇರುತ್ತಿತ್ತು, ಯಾವ ದೇಶದ ಸಮಯ ಅಂತ ಬರೆಯೋಕೆ ಜಾಗವೇ ಇರಲಿಲ್ಲ. 2016ರ 2.31 ಆವೃತ್ತಿಯಲ್ಲಿ ಅದಕ್ಕೊಂದು ಕಾಲಂ ಬಂತು. ಹಳೇ ಕ್ಯಾಮೆರಾಗಳು ಅದನ್ನ ತುಂಬಲ್ಲ. ಜಿಪಿಎಕ್ಸ್‌ನಲ್ಲಿರೋದು ಅಂತರರಾಷ್ಟ್ರೀಯ ಸಮಯ. ಎಕ್ಸಿಫ್‌ಟೂಲ್ ನಿಮ್ಮ ಕಂಪ್ಯೂಟರಿನ ಸಮಯ ವಲಯವನ್ನೇ ಫೋಟೊದ್ದೂ ಅಂದುಕೊಳ್ಳುತ್ತೆ. ಹಾಗಾಗಿ ಮೊದಲು ಫೋಟೊಗಳ ಸಮಯ ಭಾರತದ್ದಕ್ಕೆ ತಳ್ಳಿದರೆ, ಆಮೇಲೆ ಜಿಪಿಎಕ್ಸ್ ಕೊಡುವಾಗ ವಲಯ 5:30 ಅಂತ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಸ್ಯಾನ್ ಹೋಸೆಯ ಕಂಪ್ಯೂಟರು ಅದನ್ನ ಕ್ಯಾಲಿಫೋರ್ನಿಯಾದ ಸಮಯ ಅಂದುಕೊಂಡು, ಈ ಸಲ ಹಿಂದಕ್ಕಲ್ಲ, ಮುಂದಿನ ಹೊತ್ತಿನ ಜಾಗಕ್ಕೆ ಹೊತ್ತು ಹಾಕುತ್ತೆ.

ಮುಂದಿನ ಸಲ ಒಂದು ಸುಲಭದ ಕೆಲಸ ಮಾಡಿ: ಕ್ಯಾಮೆರಾದಿಂದ ಫೋನಿನ ಗಡಿಯಾರದ ಫೋಟೊ ಒಂದು ತೆಗೀರಿ, ಸೆಕೆಂಡು ಕಾಣೋ ಹಾಗೆ. ಗಡಿಯಾರ ಎಷ್ಟು ತಪ್ಪಿದ್ದರೂ ಆ ಒಂದು ಫೋಟೊ ಇಟ್ಟುಕೊಂಡು ಉಳಿದದ್ದನ್ನೆಲ್ಲ ಸರಿ ಮಾಡಬಹುದು.

ಬಂಗುಡೆಪುಳಿಮುಂಚಿ

ಕುಮಾರಪರ್ವತಕ್ಕೆ ಹೋದ ನನ್ನ ಫೋಟೊಗಳಲ್ಲಿ ಮೊದಲಿನ ಕೆಲವು ಸುಬ್ರಹ್ಮಣ್ಯದ ಬಸ್‌ಸ್ಟ್ಯಾಂಡಲ್ಲಿ ಬಿದ್ದುಕೊಂಡಿವೆ ನೋಡಿ. ಮೇಲೆ ನೆಟ್‌ವರ್ಕೇ ಇರ್ಲಿಲ್ಲ, ಅದಕ್ಕೆ ಜಿಪಿಎಸ್ ಕೆಲಸ ಮಾಡ್ಲಿಲ್ಲ ಅಲ್ವಾ?

ಡೇಟಾದಾಸಯ್ಯ

ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಆದರೆ ಉಪಗ್ರಹಗಳು ಎಲ್ಲಿವೆ ಅನ್ನೋ ಮಾಹಿತಿಯನ್ನ ಫೋನು ಸಾಮಾನ್ಯವಾಗಿ ನೆಟ್‌ವರ್ಕಿಂದ ಬೇಗ ಪಡೀತದೆ. ಅದಿಲ್ಲದಿದ್ದರೆ ಉಪಗ್ರಹದಿಂದಲೇ ನಿಧಾನಕ್ಕೆ ಇಳಿಸಿಕೊಳ್ಳಬೇಕು, ಒಂದೊಂದು ಉಪಗ್ರಹಕ್ಕೂ ಸುಮಾರು ಅರ್ಧ ನಿಮಿಷ, ಅದೂ ಸಂಕೇತ ಕಡಿಯದೆ ಸಿಕ್ಕರೆ. ಮರದಡಿ ನಡೀತಾ ಇದ್ದರೆ ಮಧ್ಯೆ ಮಧ್ಯೆ ಕಡಿದುಹೋಗುತ್ತೆ. ಅಷ್ಟರಲ್ಲಿ ಕ್ಯಾಮೆರಾ ತನಗೆ ಕೊನೆಯಲ್ಲಿ ಗೊತ್ತಿದ್ದ ಜಾಗ ಹಾಕಿಬಿಡುತ್ತೆ. ಬಯಲು ಸಿಕ್ಕ ಕಡೆ ನಕ್ಷೆ ಆ್ಯಪ್ ತೆರೆದು ಚುಕ್ಕೆ ಕೂರೋವರೆಗೆ ನಿಂತು, ಆಮೇಲೆ ಫೋಟೊ ತೆಗೆದರೆ ಸರಿ ಹೋಗುತ್ತೆ.

ಕಾಡುಪಾಪ (ತುಮಕೂರು)

ಜಾಗ ಹಾಕೋ ಬಗ್ಗೆ ಇಷ್ಟು ಮಾತಾಡಿದ್ರಿ, ಜಾಗ ತೆಗೆಯೋ ಬಗ್ಗೆ ಯಾರೂ ಮಾತಾಡ್ಲಿಲ್ಲ. ನಾನು ರಾತ್ರಿ ಕಾಡುಪಾಪ, ಕಪ್ಪೆ, ಹಾವು ತೆಗೆಯೋನು. ಗೂಡು ಇರೋ ಮರದ ಜಾಗ 11 ಮೀಟರ್ ನಿಖರವಾಗಿ ಗುಂಪಿಗೆ ಹಾಕಿದರೆ ನಾಳೆ ಬೆಳಗ್ಗೆ ಅಲ್ಲಿ ಹತ್ತು ಕ್ಯಾಮೆರಾ ಇರ್ತವೆ, ಬಲೆ ಹಿಡಿದವನೂ ಬರಬಹುದು. ಜೀವಿಗಳ ಫೋಟೊ ದಾಖಲಿಸೋ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಅಪಾಯದಲ್ಲಿರೋ ಜೀವಿಗಳ ಜಾಗವನ್ನ ತಾನಾಗೇ 0.2 ಡಿಗ್ರಿ ಚೌಕದೊಳಗೆ ಎಲ್ಲೋ ಎಸೆದು ತೋರಿಸ್ತಾರೆ, ಅಂದ್ರೆ ಸುಮಾರು 22 ಕಿಲೋಮೀಟರ್ ಚೌಕ. ಮಿಕ್ಕ ಕಡೆ ಆ ಕೆಲಸ ನಾವೇ ಮಾಡ್ಬೇಕು.

ಮನೆ ಫೋಟೊಗೂ ಇದೇ ಮಾತು. ಮಕ್ಕಳ ಹುಟ್ಟುಹಬ್ಬದ ಮೂಲ ಫೈಲನ್ನ ಲಿಂಕ್ ಮಾಡಿ ಹಂಚಿದ್ರೆ ಮನೆ ವಿಳಾಸನೂ ಹಂಚಿದ ಹಾಗೆ. ಐಫೋನಲ್ಲಿ ಹಂಚೋ ಮೊದಲು ಮೇಲಿರೋ ಆಯ್ಕೆಗಳಲ್ಲಿ ಲೊಕೇಶನ್ ಆಫ್ ಮಾಡ್ಬಹುದು. ಆಂಡ್ರಾಯ್ಡ್ 10ರಿಂದ ಈಚೆಗೆ ಫೋಟೊದೊಳಗಿನ ಜಾಗ ಓದೋಕೆ ಆ್ಯಪ್‌ಗಳಿಗೆ ಬೇರೆ ಅನುಮತಿ ಬೇಕು. ನನ್ನ ಪದ್ಧತಿ ಅಂದ್ರೆ ಮೂಲದಲ್ಲಿ ಪೂರ್ತಿ ಜಾಗ ಇರ್ಲಿ, ಹೊರಗೆ ಹೋಗೋ ಪ್ರತಿಯಲ್ಲಿ ಇರೋದು ಬೇಡ. ಮೂಲದಿಂದಲೇ ಅಳಿಸಿ ಹಾಕೋರಿದ್ದಾರೆ, ಅವರ ಫೋಟೊಗಳಿಂದ ಹತ್ತು ವರ್ಷದ ಮೇಲೆ ಕಾಡಿನ ಬದಲಾವಣೆ ನೋಡೋಕೆ ಏನೂ ಸಿಗಲ್ಲ.

ಮಲೆನಾಡುಗಿಡ್ಡ

ಎಲ್ಲರಿಗೂ ಥ್ಯಾಂಕ್ಸ್. "ನಿಂತದ್ದು", "ಕಂಡದ್ದು" ನನಗೆ ಬಹಳ ಹಿಡಿಸ್ತು, ಜೋಗ ಅಲ್ಲಿಗೆ ಮುಗೀತು. ಈಗ ಮುಳುಗಡೆ ಊರಿನ ವಿಷಯ. ಅಜ್ಜನ ಫೋಟೊದ ಮನೆ, ಕಣ, ದೇವಸ್ಥಾನ ಎಲ್ಲ ಹಿನ್ನೀರಿನ ಅಡಿ ಇದೆ. ಊರಿನವರು ಅಲ್ಲೊಬ್ಬರು ಇಲ್ಲೊಬ್ಬರು ಹಂಚಿ ಹೋಗಿದ್ದಾರೆ. ನಕ್ಷೆಯಲ್ಲಿ ನೀಲಿ ಬಣ್ಣ ಬಿಟ್ರೆ ಏನೂ ಇಲ್ಲ. ಇದಕ್ಕೆ ಅಕ್ಷಾಂಶ ಎಲ್ಲಿಂದ ತರ್ಲಿ? ಹೆಸರು ಮಾತ್ರ ಬರೆದು ಬಿಡ್ಲಾ?

ಶಾಸನದಹುಳ

ಹೆಸರು ಮಾತ್ರ ಬರೆದು ಬಿಡಬೇಡಿ. ಅಮೆರಿಕದ ಸೇನಾ ನಕ್ಷೆ ಸೇವೆಯವರು 1950ರ ದಶಕದಲ್ಲಿ ಭಾರತದ್ದು 1:2,50,000 ಪ್ರಮಾಣದ ನಕ್ಷೆ ಮಾಡಿದ್ದರು, ಯು502 ಸರಣಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತೆ. ಲಿಂಗನಮಕ್ಕಿ ಕಟ್ಟೋ ಮುಂಚಿನದ್ದು. ಒಂದು ಮಿಲಿಮೀಟರ್ ಅಂದರೆ 250 ಮೀಟರ್, ಮನೆ ಸಿಗಲ್ಲ, ಊರು ಸಿಗುವ ಸಾಧ್ಯತೆ ಇದೆ. ಇಂಗ್ಲಿಷ್ ಸ್ಪೆಲ್ಲಿಂಗ್ ವಿಚಿತ್ರವಾಗಿರುತ್ತೆ, ಬಾಯಲ್ಲಿ ಹೇಳಿಕೊಂಡು ಓದಿ. ಹೊಳೆಯ ತಿರುವು, ಗುಡ್ಡದ ಎತ್ತರ ನೋಡಿ ಇವತ್ತಿನ ನಕ್ಷೆಗೆ ತಾಳೆ ಹಾಕಿ.

ಕಂದಾಯ ಇಲಾಖೆಯ ಹಳೇ ಗ್ರಾಮ ನಕ್ಷೆಗಳೂ ಜಾಲತಾಣದಲ್ಲಿವೆ, ನಿಮ್ಮ ಗ್ರಾಮದ್ದು ಇದ್ದರೆ ಸರ್ವೆ ನಂಬರ್ ಸಮೇತ ಸಿಗುತ್ತೆ. ಅಜ್ಜನ ಹಳೇ ಕಾಗದಪತ್ರದಲ್ಲಿ ಸರ್ವೆ ನಂಬರ್ ಇದ್ದೇ ಇರುತ್ತೆ.

ಟೀಚರಮ್ಮ

ಲಿಂಗನಮಕ್ಕಿಯ ನೀರು ತೀರಾ ಇಳಿದ ಬೇಸಿಗೆಯಲ್ಲಿ ಹಿರೇಭಾಸ್ಕರದ ಹಳೇ ಮಡೆನೂರು ಅಣೆಕಟ್ಟೆಯೇ ಮೇಲೆ ಕಾಣುತ್ತೆ. ಅಂಥ ವರ್ಷ ಹಿರಿಯರನ್ನ ಕರೆದುಕೊಂಡು ಹೋಗಿ. ಅವರು ಕೈ ತೋರಿಸಿ "ಅಗೋ ಅಲ್ಲಿ" ಅಂದಾಗ ದಡದಲ್ಲಿ ನಿಂತು ಒಂದು ಫೋಟೊ ತೆಗೆದುಕೊಳ್ಳಿ. ನಮ್ಮ ಕಡೆಯೂ ಮುಳುಗಡೆಯಿಂದ ಬಂದ ಮನೆಗಳಿವೆ, ಆ ಹೆಸರುಗಳು ಎಂಬತ್ತು ದಾಟಿದವರ ಬಾಯಲ್ಲಿ ಮಾತ್ರ ಉಳಿದಿವೆ. ಕಂಪ್ಯೂಟರಿನ ಕೆಲಸ ಆಮೇಲೆ ಮಾಡಿದರೂ ನಡೆಯುತ್ತೆ, ಕೇಳೋ ಕೆಲಸ ಈಗ ಮಾಡಿ.

ಹುಬ್ಬಳ್ಳಿಮಿರ್ಚಿ

ಟೀಚರ್ ಮಾತು ಖರೆ. ಹಳೇ ಬಾಗಲಕೋಟಿ ಅರ್ಧ ಆಲಮಟ್ಟಿ ನೀರಾಗ ಹೋತು, ಜನಾ ನವನಗರಕ್ಕ ಬಂದ್ರು. ನಮ್ಮ ದೊಡ್ಡವ್ವಗ ಕೇಳಿದ್ರ ಯಾವ ಓಣ್ಯಾಗ ಯಾರ ಅಂಗಡಿ ಇತ್ತಂತ ಸಾಲಾಗಿ ಹೇಳ್ತಾಳ. ಮಾತಾಡಿದ್ದನ್ನ ಫೋನಿನಾಗ ರೆಕಾರ್ಡ್ ಮಾಡಿ ಫೋಟೊ ಫೋಲ್ಡರ್‌ನ್ಯಾಗ ಇಟ್ಟೀನಿ, ಒಂದ ಹೆಸರ ಕೊಟ್ಟು. ಬರಿಯೂದಕ್ಕಿಂತ ಅದ ಚೊಲೊ ಐತಿ.

ಮತ್ತ ಹೊಲಾ ಮನಿ ಫೋಟೊ ಇದ್ದವ್ರಿಗೆ ದಿಶಾಂಕ್ ಆ್ಯಪ್ ಐತಲ್ರಿ, ನಿಂತ ಜಾಗಾದ ಸರ್ವೆ ನಂಬರ್, ಗ್ರಾಮ, ಹೋಬಳಿ ಎಲ್ಲಾ ತೋರಸ್ತೈತಿ. ಟೀಚರ್ ಅವರ "ಕೆಳಗಿನ ತೋಟ"ಕ್ಕ ಅದ ನಂಬರ್ ಹಾಕಬಹುದು.

ಕೊಡಗಿನವಳು

ಕನ್ನಡದಲ್ಲೇ ಬರೆದರೆ ಫೋಟೊ ಒಳಗೆ ಉಳಿಯುತ್ತಾ? ಅಪ್ಪ ಹಿಂದೆ ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಶೀರ್ಷಿಕೆಗಳೆಲ್ಲ ಈಗ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಆಗಿ ಕಾಣ್ತಿವೆ.

ಡೇಟಾದಾಸಯ್ಯ

ಅಪ್ಪ ಬರೆದದ್ದು ಯೂನಿಕೋಡ್ (ಈಗ ಎಲ್ಲ ಕಡೆ ಬಳಸೋ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟಲ್ಲಿ. ಅಕ್ಷರ ಹಾಳಾಗಿಲ್ಲ, ಯೂನಿಕೋಡ್‌ಗೆ ಬದಲಿಸೋ ಪರಿವರ್ತಕಗಳಿವೆ, ಅಂಟಿಸಿದರೆ ಕನ್ನಡ ಬರುತ್ತೆ. ಒತ್ತಕ್ಷರ ಮಾತ್ರ ಒಮ್ಮೆ ಕಣ್ಣಾಡಿಸಿ.

ಇನ್ನು ಎಲ್ಲಿ ಬರೀಬೇಕು ಅನ್ನೋದು. ಎಕ್ಸಿಫ್‌ನ ವಿವರಣೆ ಕಾಲಂ ಮೊದಲಿಂದಲೂ ಇಂಗ್ಲಿಷ್ ಅಕ್ಷರಕ್ಕೆ ಮಾಡಿದ್ದು, 2023ರ 3.0 ಆವೃತ್ತಿಯಲ್ಲಷ್ಟೇ ಬೇರೆ ಲಿಪಿಗೆ ದಾರಿ ಬಿಟ್ಟರು. ಎಕ್ಸ್‌ಎಂಪಿ ಅನ್ನೋ ಭಾಗದಲ್ಲಿ ಬರೆದರೆ ಕನ್ನಡ ಆರಾಮಾಗಿ ಕೂರುತ್ತೆ. ಡಿಜಿಕ್ಯಾಮ್, ಲೈಟ್‌ರೂಮ್ ಅನ್ನೋ ಫೋಟೊ ಸಾಫ್ಟ್‌ವೇರು, ಎರಡೂ ಅಲ್ಲೇ ಬರೆಯೋದು. ಒಂದು ಎಚ್ಚರ: ಎರಡೂ ತಮ್ಮ ತಮ್ಮ ಪಟ್ಟಿಯಲ್ಲಿ ಬರೆದುಕೊಂಡು ಸುಮ್ಮನಿರಬಹುದು. ಫೈಲಿಗೆ ಬರಿ ಅಂತ ಡಿಜಿಕ್ಯಾಮ್‌ಗೆ ಸೆಟ್ಟಿಂಗಲ್ಲಿ ಹೇಳಬೇಕು, ಲೈಟ್‌ರೂಮಲ್ಲಿ ಮೆಟಾಡೇಟಾ ಉಳಿಸು ಅಂತ ಕೊಡಬೇಕು. ಗೂಗಲ್ ಫೋಟೋಸ್‌ನಲ್ಲಿ ಕೈಯಾರೆ ಸೇರಿಸಿದ ಜಾಗ, ಟೇಕ್‌ಔಟ್ ಮಾಡಿದಾಗ (ಅಂದರೆ ಎಲ್ಲ ಫೋಟೊ ಇಳಿಸಿಕೊಂಡಾಗ) ಪಕ್ಕದ ಜೇಸನ್ ಫೈಲಲ್ಲಿ ಬರುತ್ತೆ. ಅದನ್ನ ಕಸ ಅಂತ ಅಳಿಸಿದರೆ ಮಾಡಿದ ಕೆಲಸವೂ ಅದರ ಜೊತೆಗೇ ಹೋಯ್ತು.

ಮಲೆನಾಡುಗಿಡ್ಡ

ಸರಿ, ಹೀಗೆ ಮಾಡ್ತೀನಿ. ಫೋಲ್ಡರ್ ವರ್ಷ-ತಿಂಗಳು. ಅಂಕಿ ಫೋಟೊ ಒಳಗೆ. ಹೆಸರು ನಾವು ಮನೇಲಿ ಕರೆಯೋ ಹಾಗೇ ಕನ್ನಡದಲ್ಲಿ, ಪಕ್ಕಕ್ಕೆ ಒಂದು ತಾಲ್ಲೂಕು, ಫೋಟೊ ತೆಗೆದಾಗ ಇದ್ದದ್ದು. ಮುಳುಗಡೆ ಊರಿಗೆ "ಸುಮಾರು" ಅಂತ ಒಂದು ಟ್ಯಾಗ್ ಸೇರಿಸ್ತೀನಿ, ಇಲ್ದಿದ್ರೆ ಮುಂದೆ ನೋಡಿದವರು ಆ ಅಂಕಿನೇ ನಿಖರ ಅಂದ್ಕೊಂಡಾರು. ಅಜ್ಜನ ತಮ್ಮ ಇದ್ದಾರೆ, ಈ ಭಾನುವಾರ ಲ್ಯಾಪ್‌ಟಾಪ್ ತಗೊಂಡು ಹೋಗ್ತೀನಿ.

ಲಾಂಚಿನ ಫೋಟೊ ಮಾತ್ರ ಉಳೀತು.

ಬಂಗುಡೆಪುಳಿಮುಂಚಿ

ನೀರಿನ ಮಧ್ಯೆ ಯಾವ ತಾಲ್ಲೂಕು ಅಂತ ಕೇಳಿದರೆ ತಹಶೀಲ್ದಾರ್‌ಗೂ ಗೊತ್ತಿರ್ಲಿಕ್ಕಿಲ್ಲ. "ಹೊಳೆಬಾಗಿಲು ಲಾಂಚ್" ಅಂತಲೇ ಒಂದು ಜಾಗ ಮಾಡಿ ಬಿಡಿ ಮಾರಾಯ್ರೆ. 2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಎಲ್ಲರೂ ಕಾರಲ್ಲೇ ದಾಟುವುದು. ಸೇತುವೆ ಮೇಲೆ ತೆಗೆದದ್ದೂ ನಕ್ಷೆಯಲ್ಲಿ ಅಲ್ಲೇ ನೀರಿನ ಮೇಲೆಯೇ ಬೀಳ್ತದೆ. ಹೆಸರು ಬೇರೆ ಇಡದಿದ್ದರೆ ಎರಡೂ ಕಲಸಿ ಹೋಗ್ತದೆ.

ಡೇಟಾದಾಸಯ್ಯ

ಶುರು ಮಾಡೋ ಮೊದಲು ಇಡೀ ಡಿಸ್ಕಿನ ಇನ್ನೊಂದು ಪ್ರತಿ ಬೇರೆ ಡಿಸ್ಕಲ್ಲಿ ಇರಲಿ. ಎಕ್ಸಿಫ್‌ಟೂಲ್ ತಿದ್ದುವಾಗ ಮೂಲ ಫೈಲನ್ನ ಹೆಸರಿನ ಕೊನೆಗೆ 'ಒರಿಜಿನಲ್' ಅಂತ ಸೇರಿಸಿ ಪಕ್ಕದಲ್ಲೇ ಉಳಿಸುತ್ತೆ. ಜಾಗ ತುಂಬಿತು ಅಂತ ಮೊದಲ ದಿನವೇ ಅವನ್ನ ಅಳಿಸಬೇಡಿ. ಒಂದು ಸಣ್ಣ ಪ್ರವಾಸದ ಫೋಲ್ಡರ್ ತಗೊಂಡು ಮಾಡಿ ನೋಡಿ, ನಕ್ಷೆ ಮೇಲೆ ಸರಿ ಕೂತಿದ್ದರೆ ಮುಂದಕ್ಕೆ ಹೋಗಿ. ಜಿಪಿಎಕ್ಸ್ ಸರಿ ಹೊಂದದಿದ್ದರೆ ಆ ಫೈಲು ಮತ್ತು ಎರಡು ಫೋಟೊ ಇಲ್ಲಿ ಹಾಕಿ, ಮನೆ ಇರೋ ಭಾಗ ಕತ್ತರಿಸಿ ಹಾಕಿ, ನೋಡ್ತೀನಿ.